ಇಕ್ಕಳ

ಉಪ್ಪಳದ ರೈಲ್ವೇ ಗೇಟಿನ ಪಕ್ಕ
ಮೊಬೈಲ್ ಅಂಗಡಿಯ ಮೇಲಿನ ಮಾಳಿಗೆ ನನ್ನದು.
ಬೋರ್ಡಿನಲ್ಲಿ ಮೂರು ಲಿಪಿ, ಕೆಲಸ ಒಂದೇ:
ಹಲ್ಲು ಕಟ್ಟುವುದು.
ಗುಲಾಬಿ ಮೇಣ, ಸ್ಪಿರಿಟ್ ದೀಪ, ಪ್ಲಾಸ್ಟರಿನ ಹುಡಿ.
ಡಾಕ್ಟರರು ಕಳಿಸುವ ಅಚ್ಚಿಗೆ ಹೆಸರಿಲ್ಲ, ಬರೀ ನಂಬರು.
ಬ್ಯಾರಿಯದೋ ಭಟ್ಟರದೋ
ಒಸಡು ನೋಡಿ ಹೇಳಲಾಗದು.

ಗೋಡೆಯ ಮೇಲೆ ಸಂತ ಅಪೊಲೊನಿಯಾ.
ಹದಿನೆಂಟರ ಮುಖ, ಹಸಿರು ನಿಲುವಂಗಿ,
ಇಕ್ಕಳದ ತುದಿಯಲ್ಲೊಂದು ಹಲ್ಲು,
ಮಲ್ಲಿಗೆ ಮೊಗ್ಗು ಹಿಡಿದ ಹಾಗೆ.
ಅಂಗಡಿ ತೆರೆದ ದಿನ ಮಾಂಯ್
ಸೆರಗಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟು ತಂದದ್ದು.
"ನಿನ್ನ ಕಸುಬಿನವಳೇ ಇವಳು," ಎಂದಳು.
ಸ ಬಂದಲ್ಲಿ ಬರೀ ಗಾಳಿ.

ಮೇಲೆ ಎದುರಿನ ನಾಲ್ಕು, ಕೆಳಗೆ ಎರಡು.
ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದಂತೆ.
ನನಗಾಗ ಆರು ವರ್ಷ.
ನಮ್ಮ ಬಾವಿಗೆ
ಕಟ್ಟೆಯೇ ಇರಲಿಲ್ಲ.

ಫೆಬ್ರವರಿ ಒಂಬತ್ತಕ್ಕೆ ಮನೆಯಲ್ಲಿ ಗಟ್ಟಿಯಾದ್ದೇನೂ ಬೇಯುವುದಿಲ್ಲ.
ಕುಚ್ಚಿಲಕ್ಕಿ ಗಂಜಿ, ಒಂದು ಮೇಣದಬತ್ತಿ.
ಹಲ್ಲುನೋವಿನವರು ಹಿತ್ತಿಲ ಬಾಗಿಲಿಗೆ ಬರುತ್ತಾರೆ:
ಬೀಫಾತುಮ್ಮ, ಅಂಗನವಾಡಿಯ ಯಮುನಕ್ಕ,
ಮೀನಿನ ಬುಟ್ಟಿ ಹೊರಗಿಟ್ಟು ಚೋಮು ಮೊಗೇರ್ತಿ.
ಒಬ್ಬೊಬ್ಬರಿಗೂ ಒಂದೊಂದು ಲವಂಗ.
ಮಂತ್ರಿಸಿದ್ದೋ, ಎಂದರೆ
"ಅವಳಿಗೆ ಗೊತ್ತು," ಎನ್ನುತ್ತಾಳೆ ಮಾಂಯ್,
ಬಾಯಿಗೆ ಕೈ ಅಡ್ಡ ಹಿಡಿದು.

ಈ ವರ್ಷ ಹಬ್ಬ ಆದಿತ್ಯವಾರ ಬಿತ್ತು.
ಹೊಸ ವಿಗಾರರು ಪುಸ್ತಕದ ಮನುಷ್ಯ. ಪ್ರಸಂಗದಲ್ಲಿ ಹೇಳಿದರು:
ಅವಳು ಹುಡುಗಿಯಲ್ಲ, ಮುದುಕಿ.
ಅಲೆಕ್ಸಾಂಡ್ರಿಯಾದ ಬೀದಿಯಲ್ಲಿ ಜನ ಮುತ್ತಿದರು,
ದವಡೆಗೆ ಹೊಡೆದರು,
ನಾವು ಹೇಳಿಸಿದ್ದು ಹೇಳು ಎಂದರು.
ಹೇಳಲಿಲ್ಲ. ಬೆಂಕಿ ಹತ್ತಿಸಿದ್ದರು, ತಾನೇ ನಡೆದಳು.
ಇಕ್ಕಳ ಆಮೇಲಿನದು, ಚಿತ್ರ ಬರೆಯುವವರು ಕೊಟ್ಟದ್ದು.
ಮೊದಲ ಕಾಗದದಲ್ಲಿ ಇಕ್ಕಳವಿಲ್ಲ.
ಕೈ ಮಾತ್ರ.

ಕೈ ಮಾತ್ರ.
ಗಂಡಸರ ಸಾಲಿನಲ್ಲಿ ಪಪ್ಪ
ಊರುಗೋಲಿನ ಹಿಡಿಯ ಮೇಲೆ ಎರಡನ್ನೂ ಜೋಡಿಸಿ ಕೂತಿದ್ದರು.
ಆಚೆ ಸಾಲಿನಿಂದ ಮಾಂಯ್ ಪೀಠ ನೋಡಲಿಲ್ಲ,
ಅವರನ್ನೂ ನೋಡಲಿಲ್ಲ.
ನನ್ನನ್ನು ನೋಡಿದಳು,
ಅಚ್ಚನ್ನು ಬೆಳಕಿಗೆ ಹಿಡಿದು ನಾನು ನೋಡುವ ಹಾಗೆ:
ಎಲ್ಲಿ ಗುಳ್ಳೆ, ಎಲ್ಲಿ ಬಿರುಕು.

ನಾನು ಕಟ್ಟಿಕೊಟ್ಟ ಸೆಟ್ಟು ಹನ್ನೊಂದು ವರ್ಷದಿಂದ
ಆಲ್ತಾರಿನ ಕೆಳಗೆ, ಸ್ಟೀಲ್ ಲೋಟದಲ್ಲಿ.
ಹಾಕಿಕೊಂಡದ್ದಿಲ್ಲ. ದಿನವೂ ನೀರು ಬದಲಿಸುತ್ತಾಳೆ, ಹೂವಿಗೆ ಬದಲಿಸಿದಂತೆ.
ಆ ಮಧ್ಯಾಹ್ನ ತೊಳೆದಳು,
ಹಾಕಿಕೊಂಡಳು.
ಕೆನ್ನೆ ತುಂಬಿತು; ಯಾರದೋ ಮುಖ.
ಪಪ್ಪ ಬಟ್ಟಲಿನಿಂದ ತಲೆಯೆತ್ತಿದರು.

"ಬಾವಿಕಟ್ಟೆ ಸುಳ್ಳು," ಎಂದಳು.
ಸ, ಸ ಆಗಿಯೇ ಬಂತು.

ಅಷ್ಟೆ.
ತೆಗೆದು ಮತ್ತೆ ಲೋಟಕ್ಕೆ ಹಾಕಿದಳು.
ಬತ್ತಿಯ ತುದಿ ಚಿವುಟಿದಳು.
ಅವರಿಗೆ ಇನ್ನೊಂದು ಸೌಟು ಗಂಜಿ ಬಡಿಸಿದಳು.
ಉಪ್ಪಿನಕಾಯಿಯ ಭರಣಿ
ಮುಚ್ಚಿಯೇ ಇತ್ತು.