ಅಂಚಿನವನ ಮಾತು

ನನ್ನನ್ನೇನು ಕೇಳುತ್ತೀರಿ, ನಾನು ಅಂಚಿನವನು.
ಸ್ಕಾಂದಿಚ್ಚಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಕತ್ತರಿಸಿದ ತೊಗಲಿನ ಅಂಚಿಗೆ ಬಣ್ಣ ಹಚ್ಚಿದೆ.
ಒಂದು ಲೇಪ. ಒಣಗಬೇಕು. ಉಜ್ಜಬೇಕು. ಮತ್ತೊಂದು ಲೇಪ.
ಬೇರೆ ಕಡೆ ಐದು ಸಾಕು,
ಲೊರೆದಾನಾಗೆ ಏಳು.
‘ಕೊಯ್ದದ್ದು ಅಂತ ಗೊತ್ತಾಗಬಾರದು ನೆಲ್ಲೋ,
ಹುಟ್ಟಿದ್ದೇ ಹೀಗೆ ಅನ್ನಿಸಬೇಕು.’

ಅವಳು ಹುಟ್ಟಿದ್ದು ಸಾಂತಾ ಕ್ರೋಚೆಯ ಹದಗಾರರ ಬೀದಿಯಲ್ಲಿ.
ಅಲ್ಲಿ ರೊಟ್ಟಿಗೂ ತೊಗಲಿನ ವಾಸನೆ, ಮದುವೆ ಬಟ್ಟೆಗೂ.
ತೊಗಟೆಯ ರಸ ಕುಡಿದು ಕಂದಿದ ಅಪ್ಪನ ಉಗುರು
ಭಾನುವಾರವೂ ಬೆಳ್ಳಗಾಗುತ್ತಿರಲಿಲ್ಲ.
ಶಾಲೆಯಲ್ಲಿ ಪಕ್ಕದ ಹುಡುಗಿ
ಮೂಗು ಹಿಡಿದುಕೊಂಡು ಬೆಂಚು ಬದಲಿಸಿದಳಂತೆ.
ನಲವತ್ತು ವರ್ಷ ಕಳೆದು ಅದೇ ಹುಡುಗಿಯ ಹೆಸರು
ಇವಳ ಚೀಲಕ್ಕೆ ಕಾಯುವವರ ಪಟ್ಟಿಯಲ್ಲಿ ಬಂತು.
ಲೊರೆದಾನಾ ನೋಡಿದಳು, ಏನೂ ಅನ್ನಲಿಲ್ಲ.
ಆ ಚೀಲಕ್ಕೆ ನನ್ನಿಂದ
ಎಂಟು ಲೇಪ ಹಾಕಿಸಿದಳು.

ಅವಳ ಅಮ್ಮ ದೀನಾಗೆ ಕೈಚೀಲವೇ ಇರಲಿಲ್ಲ.
ಏಪ್ರನ್ನಿನ ತುದಿಗೊಂದು ಗಂಟು,
ಗಂಟಿನಲ್ಲಿ ಬಸ್ ಟಿಕೇಟು, ಬೀಗದ ಕೈ, ಎರಡು ನಾಣ್ಯ.
ಅಂಗಡಿಯಲ್ಲಿ ಎಲ್ಲರೆದುರು
ಅಮ್ಮ ಹಲ್ಲಿನಿಂದ ಗಂಟು ಬಿಚ್ಚುವಾಗ
ಮಗಳು ಭರಣಿಯ ಮಿಠಾಯಿ ಎಣಿಸುವಂತೆ ನಟಿಸುತ್ತಿದ್ದಳು.

ಹದಿನಾರಕ್ಕೆ ಸೂಜಿ ಹಿಡಿದಳು.
ಒಂದೇ ದಾರ, ಎರಡು ತುದಿಗೆ ಎರಡು ಸೂಜಿ,
ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟುವ ಜೀನು ಹೊಲಿಗೆ.
‘ಒಂದು ಕಡೆ ಹರಿದರೂ ಇನ್ನೊಂದು ಕಡೆ ಹಿಡಿದಿರುತ್ತದೆ,
ಗಂಡಹೆಂಡಿರ ಹಾಗೆ’ ಅಂದ ಮೇಸ್ತ್ರಿ.
ಹೊಲಿಗೆ ಕಲಿತಳು. ಮದುವೆಯಾಗಲಿಲ್ಲ.

ಆಮೇಲೆ ಮಿಲಾನೋ, ಒಂದು ಅಂಗಡಿ, ಒಂಬತ್ತು ಅಂಗಡಿ.
ಹೆಸರು ತಂದದ್ದು ಮುಚ್ಚಳಕ್ಕೆ ಗಂಟು ಹಾಕಿದ ಚೀಲ.
ನಾವಿಕರ ಗಂಟು ಅಂತ ಬರೆಯಿತು ಒಂದು ಪತ್ರಿಕೆ,
ಪ್ರೇಮಿಗಳ ಗಂಟು ಅಂತ ಇನ್ನೊಂದು.
ಎಲ್ಲಕ್ಕೂ ಹೌದು ಹೌದು ಅಂದಳು.
ಬೆಲೆ? ನನ್ನ ಮೂರು ತಿಂಗಳ ಸಂಬಳ, ಓವರ್‌ಟೈಮ್ ಸೇರಿ.
ಒಳಗೆ, ಅಸ್ತರಿನ ಮೂಲೆಯಲ್ಲಿ, ಒಂದು ಪುಟ್ಟ ಜೇಬು.
ಫೋನು ಹಿಡಿಸದು, ಲಿಪ್‌ಸ್ಟಿಕ್ ನಿಲ್ಲದು.
‘ಇದು ಯಾತಕ್ಕೆ?’ ಅಂದರು ಲೆಕ್ಕದವರು.
‘ಇರಲಿ’ ಅಂದಳು.

ಒಂದು ದಿನ ಪ್ಯಾರಿಸ್ಸಿನಿಂದ ಕಾಗದ ಬಂತು.
ಸಾಲವಿತ್ತು. ಅಂಗಡಿ ಮಾರಿದಳು.
ಮಾರಿದ್ದರೊಳಗೆ ಹೆಸರೂ ಇತ್ತು.
ವಕೀಲ ಒಳ್ಳೆಯವನು, ಬಿಡಿಸಿ ಹೇಳಿದ:
‘ಮನೆಯ ಕರೆಗಂಟೆಯ ಮೇಲೆ ಬರೆದುಕೊಳ್ಳಿ ಸಿನ್ಯೋರಾ,
ಸಮಾಧಿಯ ಮೇಲೂ ಅಡ್ಡಿಯಿಲ್ಲ.
ತೊಗಲಿನ ಮೇಲೆ ಮಾತ್ರ ಬೇಡ.’
ಹೊಸಬರು ಮೊದಲು ಕಿತ್ತದ್ದು ಆ ಜೇಬು.
ಚೀಲಕ್ಕೆ ನಾಲ್ಕು ನಿಮಿಷ ಉಳಿಯಿತಂತೆ.
ಆಮೇಲೆ ನನ್ನ ಎರಡು ಲೇಪ.
ಆಮೇಲೆ ನನ್ನನ್ನು.

ಈಗ ಎಂಪೊಲಿಯಲ್ಲಿ, ಹೂವಿನಂಗಡಿಯ ಹಿಂದೆ,
ಹಲಗೆಯಿಲ್ಲದ ಒಂದು ಕೋಣೆ. ಹರಿದದ್ದು ಹೊಲಿಯುತ್ತಾಳೆ.
ಶನಿವಾರ ಬಣ್ಣದ ಡಬ್ಬಿ ಹಿಡಿದು ನಾನೂ ಹೋಗುತ್ತೇನೆ,
ಕಾಫಿ ಅವಳದು.
ಕಳೆದ ವಾರ ಆಸ್ಪತ್ರೆಯಲ್ಲಿ ನೆಲ ಒರೆಸುವ ಹುಡುಗಿಯೊಬ್ಬಳು
ಕಿವಿ ಕಿತ್ತ ಗಂಟಿನ ಚೀಲ ತಂದಳು.
‘ಸಮುದ್ರದ ಹತ್ತಿರ ಕೊಂಡದ್ದು, ಇಪ್ಪತ್ತು ಯೂರೋ,
ನಕಲಿ, ಗೊತ್ತು’ ಅಂತ ತಾನೇ ನಾಚಿದಳು.
ಲೊರೆದಾನಾ ಬಾಯಿ ಬಿಡಿಸಿ ಒಳಗೆ ಕೈ ಹಾಕಿದಳು,
ಕೈ ಅಲ್ಲೇ ನಿಂತಿತು.
ಹಳೆಯ ಮಾದರಿ ನೋಡಿ ಹೊಲಿದ ಯಾವನೋ ಕಳ್ಳ,
ಯಾತಕ್ಕೆಂದು ತಿಳಿಯದೆ,
ಬಿಡುವ ಧೈರ್ಯ ಸಾಲದೆ,
ಆ ಜೇಬನ್ನೂ ಹೊಲಿದಿದ್ದ.
ಅದರಲ್ಲಿ ಬಸ್ ಟಿಕೇಟು ಇತ್ತು.

‘ಸುಮ್ಮನೆ ಅಂಟು ಹಾಕಿಕೊಡಿ ಸಾಕು,
ಇಪ್ಪತ್ತರ ಚೀಲಕ್ಕೆ ಇನ್ನೇನು’ ಅಂದಳು ಹುಡುಗಿ.
ಲೊರೆದಾನಾ ಕನ್ನಡಕ ಒರೆಸಿ,
ದಾರಕ್ಕೆ ಮೇಣ ಸವರಿ, ಎರಡು ಸೂಜಿ ಪೋಣಿಸಿದಳು.
‘ನೆಲ್ಲೋ, ಡಬ್ಬಿ ತೆಗಿ.’
ಎಷ್ಟು ಲೇಪ ಅಂತ ನಾನು ಕೇಳಲಿಲ್ಲ.