ಒಂಬತ್ತನೆಯ ನಡೆ

ನನ್ನದು ಬರೀ ಕೈ.
ತೆರೆಯ ಮೇಲೆ ಮೂಡಿದ್ದನ್ನು ಹಲಗೆಯ ಮೇಲೆ ಇಡುವುದು,
ಗಡಿಯಾರದ ಗುಂಡಿ ಒತ್ತುವುದು,
ಆಟ ಮುಗಿದ ಮೇಲೆ ಎದುರಾಳಿಯ ಕೈ ಕುಲುಕುವುದು.
ಯಂತ್ರಕ್ಕೆ ಅಷ್ಟು ಬಾರದು.

ಯೋಚನೆ ಗುಂತಾರ್ಸನದು.
ಲಿಯೆಪಾಯಾದ ಬಂದರು ಕಚೇರಿಯಲ್ಲಿ, ಎಲ್ಲರೂ ಮನೆಗೆ ಹೋದ ಮೇಲೆ,
ಮೂರು ಚಳಿಗಾಲ ಕೂತು ಬರೆದ ಪ್ರೋಗ್ರಾಮು.
ನೆನಪು ವೆಲ್ತಾ ಅವರದು.

ಮೂವತ್ತೊಂದು ವರ್ಷ ಅಂಚೆಯಲ್ಲಿ ಚದುರಂಗ ಆಡಿದವರು.
ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಲೆಕ್ಕ ಬರೆದು ಬಂದು
ಒಲೆಯ ಪಕ್ಕ, ಒಂದು ಕಾರ್ಡಿಗೆ ಒಂದು ನಡೆ.
ಅಕ್ಷರವಿಲ್ಲ, ಅಂಕಿ: 5254.
ಅಂದರೆ ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದಕ್ಕೆ.
ಯಾವ ಭಾಷೆಯವರಿಗೂ ತಿಳಿಯಲೆಂದು ಹಾಗೆ.
ಅಂಚೆ ಕಚೇರಿಯ ಹೆಂಗಸಿಗೆ ಮಾತ್ರ ಕೊನೆತನಕ ಗುಮಾನಿ ತೀರಲಿಲ್ಲ.

ಶೂ ಡಬ್ಬಿಗಳಲ್ಲಿ ಆರು ಸಾವಿರ ಕಾರ್ಡು.
ಒಂದೊಂದನ್ನೂ ಗುಂತಾರ್ಸ್ ಯಂತ್ರಕ್ಕೆ ಉಣಿಸಿದ.
ಅದಕ್ಕೆ ಪುಸ್ತಕ ಅಂತ ಹೆಸರು.

ಪುಸ್ತಕ ತೆಗೆದೂ ಒಮ್ಮೆ ಆಡಿಸಿ ನೋಡಿದ್ದೆವು.
ಮೊದಲ ನಡೆಗೇ ಇಪ್ಪತ್ತಾರು ನಿಮಿಷ!
ಜಗತ್ತನ್ನೇ ಹೊಸದಾಗಿ ಹುಟ್ಟಿಸಿಕೊಂಡು ಬಂದು
ಕೊನೆಗೆ ಆಡಿದ್ದು ಅದೇ 5254.
ನಕ್ಕೆವು. ಸಂಜೆ ನಗಲಿಲ್ಲ:
ಗೆಲ್ಲುವ ಆಟದಲ್ಲಿ ಹೊತ್ತು ಮುಗಿದು ಸೋತಿತ್ತು.

ತೊಂಬತ್ತಮೂರರ ಮಾರ್ಚ್, ರೀಗಾದ ಶಾಲೆಯೊಂದರ ಹಾಲು.
ಹೀಟರು ಕೆಟ್ಟಿತ್ತು.
ಯಂತ್ರಗಳ ಬೆನ್ನಿಗೆ ಅಂಗೈ ಇಟ್ಟು ಕಾಯಿಸಿಕೊಳ್ಳುತ್ತಿದ್ದೆವು.
ಎದುರಿಗೆ ತಾರ್ತುವಿನ ಹುಡುಗ ಮಾದಿಸ್.
ಅವನ ಯಂತ್ರಕ್ಕೆ ಪುಸ್ತಕವಿಲ್ಲ, ಅದೇ ಅವನ ಹೆಮ್ಮೆ.
ನಮ್ಮದನ್ನು ನೋಡಿ, ಪುಸ್ತಕದ ಬದನೆಕಾಯಿ, ಅಂದ.

ಎಂಟು ನಡೆ, ಎಂಟು ಸೆಕೆಂಡು.
ಉಸಿರು ತೆಗೆದುಕೊಳ್ಳದೆ ಮಗ್ಗಿ ಒಪ್ಪಿಸುವ ಮಗು.
ಒಂಬತ್ತನೆಯದು: 7183.
ಕುದುರೆ, ಹಲಗೆಯ ಅಂಚಿಗೆ.

ನನ್ನ ಕೈ ಗಾಳಿಯಲ್ಲೇ ನಿಂತಿತು.
7163 ಇರಬೇಕು, ಕುದುರೆ ನಡುವಿನ ಕಡೆಗಲ್ಲವೇ ಹೋಗಬೇಕು,
ಆರನ್ನು ಎಂಟೆಂದು ಓದಿದ್ದಾನೆ ಗುಂತಾರ್ಸ್
ಯಾವುದೋ ರಾತ್ರಿ, ನಿದ್ದೆಗಣ್ಣಲ್ಲಿ.
ಆದರೆ ಕೈಗೆ ಅಭಿಪ್ರಾಯ ಇರಕೂಡದು.
ಇಟ್ಟೆ.

ಮಾದಿಸನ ಯಂತ್ರ ಕಾರ್ಡಿನಲ್ಲಿಲ್ಲದ ಉತ್ತರ ಕೊಟ್ಟಿತು.
ತೆರೆಯ ಮೇಲೆ: ಪುಸ್ತಕ ಮುಗಿಯಿತು.
ನಿದ್ದೆಯಲ್ಲಿ ಯಾರೋ ನಡುಗಡಲಿಗೆ ತಂದು ಬಿಟ್ಟ ದೋಣಿಯಲ್ಲಿ
ಕಣ್ಣು ಬಿಟ್ಟಂತೆ
ನಮ್ಮ ಯಂತ್ರ ತನ್ನ ಕುದುರೆಯನ್ನು ಆಗ ನೋಡಿತು.
ಹನ್ನೊಂದು ನಿಮಿಷ ನೋಡಿತು.

ಎಪ್ಪತ್ತೊಂದನೆಯ ನಡೆಗೆ ಡ್ರಾ.

ತಪ್ಪೊಪ್ಪಿಗೆಗೆಂದು ಹೋದೆವು.
ವೆಲ್ತಾ ಮಾತಾಡದೆ ಡಬ್ಬಿ ಎಳೆದರು: ಟಿಬಿಲಿಸಿ, 1974.
ಬಂದ ನಡೆಯನ್ನು ಮರಳಿ ಬರೆದು, ಕೆಳಗೆ ತನ್ನ ಉತ್ತರ, ಅದು ಪದ್ಧತಿ.
ಶಾಲ್ವಾ ಎಂಬುವನ ದುಂಡು ಕೈಬರಹದಲ್ಲಿ, ಅನುಮಾನವೇ ಇಲ್ಲ, 7183.
ಪಕ್ಕದಲ್ಲಿ ಪೆನ್ಸಿಲಿನಲ್ಲಿ: ಖಂಡಿತವೇ?

‘ನನ್ನ ಆರು ದಾರಿಯಲ್ಲಿ ಹಿಮಕ್ಕೆ ನೆನೆದಿತ್ತು.
ಪಾಪ, ಅವನು ಕೇಳಿದ. ಅಲ್ಲ, ಆರು ಅನ್ನಬಹುದಿತ್ತು.
ಆ ವಾರ ಯಾರೂ ನನ್ನನ್ನು ಖಂಡಿತವೇ ಅಂತ ಕೇಳಬಾರದಿತ್ತು.
ಹೌದು ಅಂತ ಬರೆದೆ.
ನಾಲ್ಕು ವರ್ಷ ಆ ಹೌದನ್ನು ಹೊತ್ತು ಆಡಿದೆ. ಸೋತೆ.’

ಅಳಿಸಿಬಿಡುತ್ತೇನೆ, ಅಂದ ಗುಂತಾರ್ಸ್.
‘ಯಾವ ನಡೆ ಎಷ್ಟು ಸಲ ಅಂತ ಅದಕ್ಕೆ ಹೇಳಬಹುದಂತಲ್ಲ?’
ಹೇಳಬಹುದು.
‘ನೂರಕ್ಕೆ ಒಂದು ಸಲ ಇರಲಿ.’

ಆಮೇಲೆ ಹಾಲಿನ ಲೋಟ ಸರಿಸಿ, ಕಾಯಿ ಜೋಡಿಸಿ,
ಹನ್ನೊಂದು ನಿಮಿಷ ಆದ ಮೇಲೆ ಏನು ಆಡಿತು ತೋರಿಸು, ಅಂದರು ನನಗೆ.
ತೋರಿಸಿದೆ.
ಕನ್ನಡಕ ಹಾಕಿ ಬಗ್ಗಿದರು.
ಒಲೆಯಲ್ಲಿ ಕಟ್ಟಿಗೆ ಒಂದು ಸಲ ಜಾರಿತು.

‘ಅಯ್ಯೋ,’ ಅಂದರು, ಬಹಳ ಮೆಲ್ಲಗೆ,
‘ಇಲ್ಲಿಂದ ದಾರಿ ಇತ್ತೇ.’