ಹದಿನೇಳನೆಯ ಪ್ರಶ್ನೆ

ಓಶ್ ಪಟ್ಟಣದ ಮೇಲೆ ಡಿಸೆಂಬರಿನ ಇದ್ದಿಲ ಹೊಗೆ.
ನನ್ನ ಅಡುಗೆಮನೆಯ ಮೇಜಿನ ಮೇಲೆ ನಲವತ್ತೊಂದು ಹಾಳೆ,
ಬಿಷ್ಕೆಕ್‌ನವರು ಕಳಿಸಿದ ಪ್ರಶ್ನೆಗಳು:
ಇಂಗ್ಲಿಷ್ ಕಲಿಯಲು ಎಐ ನಿಮಗೆಷ್ಟು ನೆರವು?
ಮೊದಲ ಸಾಲಿನಲ್ಲೇ ಎರಡು ಚೌಕ, ಗಂಡು, ಹೆಣ್ಣು.
ಎಣಿಸಿ ಕಳಿಸಬೇಕಂತೆ ಶುಕ್ರವಾರದೊಳಗೆ.

ಹುಡುಗರದು ಸಲೀಸು.
'ಪೂರ್ತಿ ಒಪ್ಪುತ್ತೇನೆ' ಎಂಬಲ್ಲಿ ಎಲ್ದಿಯಾರ್
ಮೇಲಿಂದ ಕೆಳತನಕ ಒಂದೇ ಗೀಟು ಎಳೆದು ಎದ್ದುಹೋಗಿದ್ದಾನೆ.
ಹುಡುಗಿಯರು ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿ
ಹಾಳೆ ಅಲ್ಲಲ್ಲಿ ತೆಳ್ಳಗಾಗಿದೆ,
ದೀಪಕ್ಕೆ ಹಿಡಿದರೆ ಆಚೆಗಿನ ನನ್ನ ಬೆರಳು ಕಾಣುತ್ತದೆ.
ಅರೂಕೆ ಒಬ್ಬಳದು ಎಲ್ಲಕ್ಕೂ ಇಲ್ಲ.
ಬಳಸುವುದಿಲ್ಲ. ನನ್ನ ತಪ್ಪು ನನಗಿರಲಿ.

ಬೇಗಿಮಾಯ್ ಹೋದ ತಿಂಗಳು ಅಜ್ಜಿಯ ಮೇಲೆ ಬರೆದಿದ್ದಳು.
ನಮ್ಮ ಮಾತಿನಲ್ಲಿ ಅವನು, ಅವಳು, ಅದು
ಮೂರಕ್ಕೂ ಒಂದೇ ಪದ, ಅಲ್.
ಹತ್ತಿಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದದ್ದು ಅಲ್.
ಇಂಗ್ಲಿಷಿಗೆ ದಾಟಿಸುವಾಗ ಯಂತ್ರ
ಅಜ್ಜಿಗೆ ಮೀಸೆ ಬರಿಸಿತು.
ಒಂದೊಂದು 'ಹೀ'ಗೂ ನೀಲಿ ಪೆನ್ನಿನಲ್ಲಿ
ಮುಂದೊಂದು ಎಸ್ ತುರುಕಿದ್ದಳು ಹುಡುಗಿ,
ಹನ್ನೊಂದು ಕಡೆ.

ಅಂಥವಳೂ ಹದಿನೇಳನೆಯ ಪ್ರಶ್ನೆಗೆ,
'ಈ ಸಾಧನಕ್ಕೆ ನನ್ನ ಬಗ್ಗೆ ತಾಳ್ಮೆಯಿದೆ',
ಪೂರ್ತಿ ಒಪ್ಪಿದ್ದಾಳೆ. ಅಳಿಸಿದ ಕಲೆ ಇಲ್ಲ.
ಇಪ್ಪತ್ತೆರಡರಲ್ಲಿ ಇಪ್ಪತ್ತು ಹುಡುಗಿಯರು ಹಾಗೇ.

ಪೆನ್ನು ಕೆಳಗಿಟ್ಟೆ.
ಸೆಪ್ಟೆಂಬರಿನಲ್ಲಿ ಅವಳು ಎದ್ದುನಿಂತು ಪಾಠ ಓದಿದಳು.
ಶಿಪ್ ಎನ್ನುವುದು ಬಾಯಲ್ಲಿ ಕೊಂಚ ಉದ್ದವಾಗಿ
ಬಂದರಿನಿಂದ ಹಡಗಿನ ಬದಲು ಕುರಿ ಹೊರಟಿತು.
ಹಿಂದಿನ ಬೆಂಚು ಮ್ಯಾ ಎಂದು ಅರಚಿತು.
ಗದರಿದೆ. ನಿಜ, ಗದರಿದೆ.
ಗದರುವ ಮುಂಚೆ ನನ್ನ ತುಟಿಯ ಒಂದು ಕೊನೆ ನಕ್ಕಿತ್ತು.
ಅವಳು ನೋಡುತ್ತಿದ್ದದ್ದು ಬೆಂಚನ್ನಲ್ಲ.

ಆಮೇಲೆ ತರಗತಿಯಲ್ಲಿ ಬಾಯಿ ತೆರೆದಿಲ್ಲ.
ರಾತ್ರಿ ಕೌದಿಯೊಳಗೆ ಫೋನಿಗೆ ಪಿಸುಗುಡುತ್ತಾಳಂತೆ,
ಶಿಪ್, ಶಿಪ್, ಶಿಪ್,
ಪಕ್ಕದ ತಂಗಿ ಏಳದ ಹಾಗೆ.

ಕಡೆಗೆ 'ಇತರೆ' ಎಂದು ಖಾಲಿ ಜಾಗ.
ಯಾರೂ ಮುಟ್ಟಿಲ್ಲ, ಆ ಒಂದೇ ಗೀಟಿನವನ ಹೊರತು.
ಇರುವೆಸಾಲಿನಂಥ ಅಕ್ಷರ:
'ಅಮ್ಮ ಮಾಸ್ಕೋದಲ್ಲಿ ನೆಲ ಒರೆಸುತ್ತಾಳೆ.
ಪಾಳಿ ಮುಗಿಸಿ ಫೋನ್ ಮಾಡಿದಾಗ
ನಾನು ಬರೆದ ಇಂಗ್ಲಿಷ್ ಓದಿ ಕೇಳಿಸುತ್ತೇನೆ.
ಅವಳಿಗೆ ಒಂದಕ್ಷರ ಬಾರದು, ಚೆನ್ನಾಗಿದೆ ಅನ್ನುತ್ತಾಳೆ.
ಅದಕ್ಕೆ ಎಲ್ಲ ಬರುತ್ತದೆ, ಅದೂ ಚೆನ್ನಾಗಿದೆ ಅನ್ನುತ್ತದೆ.
ಟೀಚರ್, ನೀವು ಒಂದು ಸಲವೂ ಅಂದಿಲ್ಲ.'

ಇದನ್ನು ಯಾವ ಚೌಕದಲ್ಲಿ ಎಣಿಸಲಿ?

ಕರೆಂಟು ಹೋಯಿತು. ಚಹಾ ಆರಿತ್ತು ಆಗಲೇ.
ಗಂಡು ಎಷ್ಟರವರೆಗೆ ಬಂದಿದ್ದೆನೋ ಮರೆತೂ ಹೋಯಿತು.
ಮೇಣದಬತ್ತಿಗೆ ತಡಕಾಡುತ್ತ
ಕತ್ತಲಲ್ಲಿ, ಯಾರೂ ಇಲ್ಲವೆಂದು,
ನಾನೇ ಒಂದು ಸಲ ಅಂದು ನೋಡಿದೆ: ಶಿಪ್.
ಇಪ್ಪತ್ತಾರು ವರ್ಷ ಕಲಿಸಿದ ಮಾತು.

ಕೊಂಚ ಉದ್ದವೇ ಕೇಳಿಸಿತು.